ಮಾತಾಡುವ ಜೋಕರ್ ಗೊಂಬೆ: ಆರು ತಿಂಗಳು ಬಳಸಿದ ಮೇಲೆ

ವೆಂಟ್ರಿಲಾಕ್ವಿಸಂ, ಅಂದರೆ ತುಟಿ ಅಲ್ಲಾಡಿಸದೆ ಮಾತಾಡಿ ಗೊಂಬೆಯೇ ಮಾತಾಡಿದಂತೆ ತೋರಿಸುವ ಆಟ ಕಲಿಯೋಣ ಅಂತ ಆನ್‌ಲೈನ್‌ನಲ್ಲಿ ಒಂದು ಜೋಕರ್ ಗೊಂಬೆ ತರಿಸಿದೆ. ಎರಡೂವರೆ ಅಡಿ ಎತ್ತರ, ಪ್ಲಾಸ್ಟಿಕ್ ತಲೆ, ಹತ್ತಿ ತುಂಬಿದ ಬಟ್ಟೆ ಮೈ, ಕಿತ್ತಳೆ ಕೂದಲು, ಕೆಂಪು ಸ್ಪಾಂಜಿನ ಮೂಗು. 2,400 ರೂಪಾಯಿ ಆಯಿತು. ಅದಕ್ಕೂ ಮೊದಲು ಕಲಬುರಗಿಯ ಸೂಪರ್ ಮಾರ್ಕೆಟ್ ಪೇಟೆ ಪೂರ್ತಿ ಸುತ್ತಿದ್ದೆ. ಮಾತಾಡೋ ಗೊಂಬೆ ಅಂದರೆ ಎಲ್ಲರೂ ಸೆಲ್ ಹಾಕಿದರೆ ಕುಣಿಯುವ ಕೋತಿ ತೋರಿಸಿದರು.

ಮೊದಲು ಬೈದು ಮುಗಿಸುತ್ತೇನೆ. ಬಾಯಿ ಆಡಿಸೋಕೆ ಕುತ್ತಿಗೆ ಹಿಂದೆ ಒಂದು ದಾರ, ತುದಿಗೆ ಉಂಗುರ. ಎಳೆದರೆ ಬಾಯಿ ತೆರೆಯುತ್ತದೆ, ಬಿಟ್ಟರೆ ಟಕ್ ಅಂತ ಮುಚ್ಚುತ್ತದೆ, ಆ ಟಕ್ ನನ್ನ ದನಿಗಿಂತ ಜಾಸ್ತಿ ಕೇಳುತ್ತದೆ. ಒಂಬತ್ತನೇ ದಿನ ದಾರ ಹರಿದು ಮೈಯೊಳಗೆ ಹೋಯಿತು. ಮಾರಿದವರು ಆಟಿಕೆ ವಾಪಸ್ ತಗೊಳ್ಳಲ್ಲ ಅಂದರು. ಬೆನ್ನಿನ ಹೊಲಿಗೆ ಬಿಚ್ಚಿ, ಮೀನು ಹಿಡಿಯೋ ನೈಲಾನ್ ದಾರ ಕಟ್ಟಿ, ದವಡೆಗೆ ಪಾತ್ರೆ ತಿಕ್ಕುವ ಸ್ಪಾಂಜಿನ ಚೂರು ಅಂಟಿಸಿದ ಮೇಲೆ ಟಕ್ ಸದ್ದು ನಿಂತಿತು.

ದೊಡ್ಡ ಕೊರತೆ ಅಂದರೆ ತಲೆ ತಿರುಗಲ್ಲ. ಒಳ್ಳೆ ಗೊಂಬೆಗಳ ಮೈ ಟೊಳ್ಳಾಗಿರುತ್ತದೆ. ಒಳಗೆ ಕೈ ಹಾಕಿ ಕೋಲು ಹಿಡಿದರೆ ತಲೆ ತಿರುಗುತ್ತದೆ, ಬಾಯಿ ಆಡಿಸುವುದೂ ಅದೇ ಕೋಲಿನಲ್ಲೇ. ನನ್ನದು ಸುಮ್ನೆ ಗೋಡೆ ನೋಡುತ್ತಾ ಕೂರುತ್ತದೆ. ಕೊನೆಗೆ ಅದನ್ನೇ ಆಟಕ್ಕೆ ಸೇರಿಸಿಕೊಂಡೆ. "ಈ ಕಡೆ ನೋಡೋ" ಅಂತೀನಿ. "ಒಲ್ಲೆ ಕಾಕಾ, ನಿನಗಿಂತ ಗೋಡೆ ಛಂದ ಅದ" ಅನ್ನುತ್ತದೆ.

ಈಗ ಆ ಮಾತನ್ನು ನೀವೇ ತುಟಿ ಅಲ್ಲಾಡಿಸದೆ ಹೇಳಿ ನೋಡಿ. ಬರುತ್ತೆ, ಅಲ್ವಾ? ಯಾಕೆಂದರೆ ಅದರಲ್ಲಿ ಪ, ಬ, ಮ, ವ ಇಲ್ಲ. ಈ ಆಟದ ಕಷ್ಟವೆಲ್ಲ ಇರೋದು ಇಲ್ಲೇ, ತುಟಿಯ ಕೆಲಸವಿಲ್ಲದೆ ಈ ಅಕ್ಷರ ಹುಟ್ಟಲ್ಲ. ಪಳಗಿದವರು ಪ ಬದಲು ತ, ಬ ಬದಲು ದ, ಮ ಬದಲು ನ ಹಾಕಿ, ನಾಲಿಗೆಯಲ್ಲೇ ಮೆಲ್ಲಗೆ ಒತ್ತಿ ದಾಟಿಸುತ್ತಾರೆ. ನಾನು ಹಾಗೆ ಮಾಡಲು ಹೋದರೆ ಮಾಮಾ ಹೋಗಿ ನಾನಾ ಆಗುತ್ತಾನೆ. ಉರ್ದು ಬಲ್ಲ ನಮ್ಮೂರಲ್ಲಿ ಅದು ಬೇರೆಯೇ ಸಂಬಂಧ, ತಾಯಿಯ ತಂದೆ! ಗೊಂಬೆಗೆ ಮೊದಲು ಬಸ್ಯಾ ಅಂತ ಹೆಸರಿಟ್ಟಿದ್ದೆ, ದಸ್ಯಾ ಆಯಿತು, ಈಗ ಸಿದ್ಯಾ. ಊರಿಗೂ ಅದೇ ಗತಿ. 2014ರಲ್ಲಿ ಗುಲ್ಬರ್ಗಾ ಹೋಗಿ ಕಲಬುರಗಿ ಆಯಿತು, ಬ ಮಾತ್ರ ಹೋಗಲಿಲ್ಲ. ಬೀದರ್‌ನಲ್ಲಂತೂ ಬ ಮೊದಲೇ ನಿಂತಿದೆ. ಹಾಗಾಗಿ ಸಿದ್ಯಾ ಯಾದಗಿರಿಯವನು. ಮಿರ್ಚಿ ಭಜಿ ಮುಟ್ಟಲ್ಲ. ರೊಟ್ಟಿ, ಶೇಂಗಾ ಹಿಂಡಿ, ಸುಸಲಾ ಇಷ್ಟೇ ಅವನ ಊಟ.

ಜೋಕರ್ ಯಾಕೆ ಬೇಕಿತ್ತು ಅಂತ ನನಗೆ ಗೊತ್ತಾಗಿದ್ದು ನಮ್ಮ ಓಣಿಯ ಒಂದು ಹುಟ್ಟುಹಬ್ಬದಲ್ಲಿ. ಮುಂದಿನ ಕುರ್ಚಿಯಲ್ಲಿದ್ದ ಹಿರಿಯರೊಬ್ಬರು "ಯಾ ಊರಪ್ಪಾ ನಿಂದು?" ಅಂತ ಗೊಂಬೆಯನ್ನೇ ಕೇಳಿದರು. "ಯಾದಗಿರಿ. ನಿಂದು ಎಲ್ಲಿ, ಅಜ್ಜಾ?" ಅಂದುಬಿಟ್ಟಿತು. ನನ್ನ ಜೀವ ಬಾಯಿಗೆ ಬಂತು. ನೀವು, ನಿಮ್ಮ ಎರಡರಲ್ಲೂ ತುಟಿ ಅಲ್ಲಾಡಬೇಕು, ಅದಕ್ಕೇ ಸಿದ್ಯಾನ ಬಾಯಲ್ಲಿ ಮರ್ಯಾದೆ ಬರಲ್ಲ. ಅಜ್ಜ ಹೊಟ್ಟೆ ಹಿಡಿದು ನಕ್ಕರು. ಕೋಟು ಹಾಕಿದ ಹುಡುಗನ ಗೊಂಬೆ ಹಾಗೆ ಅಂದಿದ್ದರೆ ಬೈಗುಳ ತಿನ್ನುತ್ತಿತ್ತು, ಕೆಂಪು ಮೂಗಿನವನಿಗೆ ಎಲ್ಲ ಮಾಫಿ.

ಸರ್ಕಸ್‌ನವರಿಗೆ ಇದು ಹಳೇ ಲೆಕ್ಕ. ಬಿಳಿ ಮುಖದ ಜೋಕರ್ ಶ್ಯಾಣ್ಯಾ, ಕೆಂಪು ಮೂಗಿನ ಜೋಕರ್ ಪೆದ್ದ, ಅವನಿಗೆ "ಆಗಸ್ಟ್" ಅಂತಾರೆ. ಶ್ಯಾಣ್ಯಾನ ಗತ್ತನ್ನು ಪೆದ್ದ ಮಣ್ಣುಪಾಲು ಮಾಡುತ್ತಾನೆ. ನನ್ನ ಗೊಂಬೆ ಆಗಸ್ಟ್, ಹಾಗಾಗಿ ನಾನು ಶ್ಯಾಣ್ಯಾ ಆಗಬೇಕು, ಇಸ್ತ್ರಿ ಅಂಗಿ ಹಾಕಿ ಗಂಭೀರವಾಗಿ ಕೂರಬೇಕು. ಶುರುವಿನಲ್ಲಿ ನಾನೂ ಹಲ್ಲು ಕಿಸಿಯುತ್ತಿದ್ದೆ, ಯಾರೂ ನಗುತ್ತಿರಲಿಲ್ಲ. ತುಟಿ ಸ್ವಲ್ಪ ಅಲ್ಲಾಡಿದರೆ ಚಿಂತೆ ಬೇಡ. ಈ ಆಟದಲ್ಲಿ ಹೆಸರಾದ ಅಮೆರಿಕದ ಎಡ್ಗರ್ ಬರ್ಗನ್ ತುಟಿಯೂ ಅಲ್ಲಾಡುತ್ತಿತ್ತು, ಆದರೂ 1937ರಿಂದ ಅವನ ಗೊಂಬೆ ಚಾರ್ಲಿಗೆ ರೇಡಿಯೋದಲ್ಲಿ ಭಾರೀ ಹೆಸರು. ರೇಡಿಯೋದಲ್ಲಿ ಗೊಂಬೆ ಆಟ, ನೋಡಿ!

ಬಾಯಿ ಸುತ್ತ ಬಿಳಿ ಬಣ್ಣ ಇರೋದರಿಂದ ದವಡೆ ಆಡುವುದು ಕೊನೇ ಸಾಲಿಗೂ ಕಾಣುತ್ತದೆ, ಅದು ಒಳ್ಳೆಯದು. ಆದರೆ ಅದೇ ಬಣ್ಣಕ್ಕೆ ಚಿಕ್ಕ ಮಕ್ಕಳು ಹೆದರುತ್ತಾರೆ. ಆ ಹುಟ್ಟುಹಬ್ಬದ ದಿನವೇ ಎರಡು ವರ್ಷದ ಮಗು ಕಿಟಾರನೆ ಕಿರುಚಿ ತಾಯಿಯ ಸೆರಗಿಗೆ ಸೇರಿಕೊಂಡಿತು. ಮೂಗು ಕಿತ್ತು ಅದರ ಕೈಗೆ ಕೊಟ್ಟೆ. ಹಿಚುಕಿತು, ಬಾಯಿಗೆ ಹಾಕಲು ನೋಡಿತು, ಆಮೇಲೆ ತಾನೇ ಬಂದು ಸಿದ್ಯಾನ ಮುಖಕ್ಕೆ ಅಂಟಿಸಿತು, ಹಣೆಗೆ.

ಐದಕ್ಕೆ ಮೂರು ಕೊಡುತ್ತೇನೆ, ಅದರಲ್ಲಿ ಒಂದು ಬರೀ ಮೂಗಿಗೆ. ಮೊನ್ನೆ ಒಳಗೆ ಕೋಲು ಕೂರಿಸಿಕೊಡಿ ಅಂತ ಬಡಗಿ ಹತ್ತಿರ ಒಯ್ದಿದ್ದೆ. ತಿರುಗಿಸಿ ಮುರುಗಿಸಿ ನೋಡಿ "ಸೋಮವಾರ ಬರ್ರಿ" ಅಂದರು. ಯಾವ ಸೋಮವಾರ ಅಂತ ಹೇಳಿಲ್ಲ.