ಪ್ರೈಮ್‌ಡೋಪ್ ವೇರಿಯನ್ಸ್ ಕ್ಯಾಲ್ಕ್ಯುಲೇಟರ್: ಗಂಟೆಯ ಗಳಿಕೆ ನಿಜಕ್ಕೂ ಎಷ್ಟು?

ಆನ್‌ಲೈನ್ ಪೋಕರ್‌ನಲ್ಲಿ ಗಂಟೆಗೆ ಎಷ್ಟು ಗಿಟ್ಟುತ್ತದೆ ಎಂದು ಕೇಳಿದರೆ ಥಟ್ಟನೆ ಒಂದೇ ಅಂಕಿ ಹೇಳುವವರ ಮಾತು ನಂಬಬೇಡಿ. ಪ್ರಾಮಾಣಿಕವಾಗಿ ಹೇಳಬಹುದಾದದ್ದು ಇಷ್ಟರಿಂದ ಇಷ್ಟರವರೆಗೆ ಎಂದಷ್ಟೇ. ಆ ಹರವು ಎಷ್ಟು ದೊಡ್ಡದು ಎಂಬುದನ್ನು ಪ್ರೈಮ್‌ಡೋಪ್ ಎಂಬ ವೆಬ್‌ಸೈಟ್‌ನ ಕ್ಯಾಶ್ ಗೇಮ್ (ಟೂರ್ನಮೆಂಟ್ ಅಲ್ಲದ, ನೇರ ಹಣದ ಆಟ) ವೇರಿಯನ್ಸ್ ಕ್ಯಾಲ್ಕ್ಯುಲೇಟರ್, ಅಂದರೆ ಅದೃಷ್ಟದ ಏರಿಳಿತ ಲೆಕ್ಕ ಹಾಕುವ ಸಾಧನ, ಕಣ್ಣಿಗೆ ರಾಚುವಂತೆ ತೋರಿಸುತ್ತದೆ. ಬ್ರೌಸರ್‌ನಲ್ಲೇ ತೆರೆಯುತ್ತದೆ, ದುಡ್ಡು ಕೊಡಬೇಕಿಲ್ಲ.

ತುಂಬಬೇಕಾದ ಅಂಕಿಗಳು ನಾಲ್ಕು: ನಿಮ್ಮ ನಿಜವಾದ ವಿನ್ ರೇಟ್ (ಗೆಲ್ಲುವ ದರ) ಎಂದು ಊಹಿಸಿದ್ದು, ಈವರೆಗೆ ಕಂಡ ವಿನ್ ರೇಟ್, ಸ್ಟ್ಯಾಂಡರ್ಡ್ ಡೀವಿಯೇಶನ್ (ಫಲಿತಾಂಶ ಎಷ್ಟು ಏರಿಳಿಯುತ್ತದೆ ಎಂಬ ಅಳತೆ), ಹ್ಯಾಂಡ್‌ಗಳ (ಎಲೆ ಹಂಚಿ ಆಡುವ ಒಂದೊಂದು ಸುತ್ತಿನ) ಸಂಖ್ಯೆ. ಮೊದಲ ಮೂರೂ 100 ಹ್ಯಾಂಡ್‌ಗೆ ಇಷ್ಟು ಬಿಗ್ ಬ್ಲೈಂಡ್ (ಹ್ಯಾಂಡ್ ಶುರುವಾಗುವ ಮುನ್ನ ಕಡ್ಡಾಯವಾಗಿ ಇಡುವ ದೊಡ್ಡ ಪಣ) ಎಂಬ ಲೆಕ್ಕದಲ್ಲಿರಬೇಕು. ಸ್ಟ್ಯಾಂಡರ್ಡ್ ಡೀವಿಯೇಶನ್ ಆಡಿದ ಹ್ಯಾಂಡ್‌ಗಳನ್ನು ದಾಖಲಿಸುವ ನಿಮ್ಮ ಟ್ರ್ಯಾಕಿಂಗ್ ಸಾಫ್ಟ್‌ವೇರ್‌ನಲ್ಲೇ ಸಿಗುತ್ತದೆ. ಅದಿಲ್ಲದವರು ಆರು ಜನರ ನೋ ಲಿಮಿಟ್ ಹೋಲ್ಡಮ್ ಟೇಬಲ್‌ಗೆ 90 ಹಾಕಿ ಶುರುಮಾಡಬಹುದು; ಪೋಕರ್‌ನ ಇನ್ನೊಂದು ಬಗೆಯಾದ ಪಾಟ್ ಲಿಮಿಟ್ ಒಮಾಹಾಗೆ 140ರ ಆಸುಪಾಸು ಬೇಕು. ಒಂದು ಎಚ್ಚರ: ಹಳೆಯ ವಿನ್ ರೇಟ್ ಪಟ್ಟಿಗಳಲ್ಲಿ ಬಿಗ್ ಬ್ಲೈಂಡ್ ಬದಲು ಬಿಗ್ ಬೆಟ್ ಲೆಕ್ಕ ಇರುತ್ತದೆ. ಒಂದು ಬಿಗ್ ಬೆಟ್ ಅಂದರೆ ಎರಡು ಬಿಗ್ ಬ್ಲೈಂಡ್. ಅದನ್ನು ಗಮನಿಸದೆ ಹೋಲಿಸಿದರೆ ಇಡೀ ಲೆಕ್ಕ ದುಪ್ಪಟ್ಟು ತಪ್ಪುತ್ತದೆ.

ಈಗ ನಿಜವಾದ ವಿನ್ ರೇಟ್ 3, ಸ್ಟ್ಯಾಂಡರ್ಡ್ ಡೀವಿಯೇಶನ್ 90, ಹ್ಯಾಂಡ್ 50,000 ಎಂದು ತುಂಬಿ; ಕಂಡ ವಿನ್ ರೇಟ್‌ನ ಮಾತು ಮುಂದೆ ಬರುತ್ತದೆ. 100 ಹ್ಯಾಂಡ್‌ಗೆ 3 ಬಿಗ್ ಬ್ಲೈಂಡ್ ಗೆಲ್ಲುವುದು ಒಳ್ಳೆಯ ಆಟಗಾರನ ಲಕ್ಷಣ. ನಿರೀಕ್ಷಿತ ಲಾಭ 1,500 ಬಿಗ್ ಬ್ಲೈಂಡ್. ಆದರೆ ಶೇ 95ರ ಹರವು ಸುಮಾರು 2,500 ನಷ್ಟದಿಂದ 5,500 ಲಾಭದವರೆಗೆ ಚಾಚಿಕೊಳ್ಳುತ್ತದೆ. ಅಷ್ಟು ಆಡಿಯೂ ನಷ್ಟದಲ್ಲೇ ಉಳಿಯುವ ಸಂಭವ ಹತ್ತಿರ ಹತ್ತಿರ ಶೇ 23. ಹ್ಯಾಂಡ್‌ಗಳನ್ನು 1 ಲಕ್ಷಕ್ಕೆ ಏರಿಸಿದರೂ ಅದು ಶೇ 15ರ ಹತ್ತಿರವೇ ನಿಲ್ಲುತ್ತದೆ. ಜೊತೆಗೆ ಮೂಡುವ 20 ಮಾದರಿ ಗೆರೆಗಳ ಗ್ರಾಫನ್ನು ನಿಧಾನವಾಗಿ ನೋಡಿ. ಎಲ್ಲವೂ ಒಬ್ಬನೇ ಆಟಗಾರನವು, ಒಂದೇ ಕೌಶಲದವು. ಆದರೂ ಕೆಲವು ಗಗನಕ್ಕೇರುತ್ತವೆ, ಕೆಲವು ಸೊನ್ನೆಯ ಕೆಳಗೆ ತೆವಳುತ್ತವೆ.

ಇದನ್ನು ಗಂಟೆಗೆ ಇಳಿಸುವ ಕೆಲಸ ನಿಮ್ಮದೇ. ಈ ಸಾಧನದ ದೊಡ್ಡ ಕೊರತೆ ಅದೇ: ಗಂಟೆಗೆ ಎಷ್ಟು ಹ್ಯಾಂಡ್ ಎಂದು ಅದು ಕೇಳುವುದೇ ಇಲ್ಲ. ಆರು ಜನರ ಮಾಮೂಲಿ ಟೇಬಲ್‌ನಲ್ಲಿ ಗಂಟೆಗೆ ಸುಮಾರು 75 ಹ್ಯಾಂಡ್ ಸಿಗುತ್ತವೆ ಎನ್ನಿ. ನಾಲ್ಕು ಟೇಬಲ್ ತೆರೆದರೆ 300. ವಿನ್ ರೇಟ್ 3 ಆದರೆ ಗಂಟೆಗೆ 9 ಬಿಗ್ ಬ್ಲೈಂಡ್. ಬಿಗ್ ಬ್ಲೈಂಡ್ ಕಾಲು ಡಾಲರ್ ಇರುವ ಟೇಬಲ್‌ನಲ್ಲಿ ಅದು 2.25 ಡಾಲರ್. ಮೇಲೆ ಹೇಳಿದ 50,000 ಹ್ಯಾಂಡ್ ಮುಗಿಸಲು ಸುಮಾರು 167 ಗಂಟೆ ಬೇಕು. ಅಷ್ಟು ದುಡಿದ ಮೇಲೂ ಗಂಟೆಯ ಗಳಿಕೆ ಸುಮಾರು 15 ಬಿಗ್ ಬ್ಲೈಂಡ್ ನಷ್ಟದಿಂದ 33 ಲಾಭದೊಳಗೆ ಎಲ್ಲಿ ಬೇಕಾದರೂ ಇರಬಹುದು. ಭಾಗಿಸುವಾಗ ಗಡಿಯಾರದ ಗಂಟೆಯನ್ನೇ ಹಿಡಿಯಿರಿ. ನಾಲ್ಕು ಟೇಬಲ್ ಒಂದು ಗಂಟೆ ಆಡಿದ್ದನ್ನು ನಾಲ್ಕು ಟೇಬಲ್-ಗಂಟೆ ಎಂದು ಎಣಿಸಿದರೆ ಗಳಿಕೆ ನಾಲ್ಕನೇ ಒಂದು ಭಾಗಕ್ಕೆ ಕುಸಿದಂತೆ ಕಾಣುತ್ತದೆ. ಟೇಬಲ್ ಸಿಗಲು ಕಾದ ಹೊತ್ತು, ಆಡಿದ ಹ್ಯಾಂಡ್‌ಗಳನ್ನು ಮತ್ತೆ ನೋಡಿದ ಹೊತ್ತು ಕೂಡ ದುಡಿಮೆಯೇ. ಅದನ್ನೂ ಸೇರಿಸಿದರೆ 9 ಎಂಬುದು 6 ಅಥವಾ 7 ಆಗುವುದು ಸಾಮಾನ್ಯ.

ನನ್ನ ಮಟ್ಟಿಗೆ ಇಲ್ಲಿ ಅತ್ಯಂತ ಬೆಲೆಯುಳ್ಳದ್ದು ಕಂಡ ವಿನ್ ರೇಟ್‌ನ ಖಾನೆ. ಬಹಳ ಜನ ಅದನ್ನು ಮುಟ್ಟುವುದೇ ಇಲ್ಲ. 20,000 ಹ್ಯಾಂಡ್‌ನಲ್ಲಿ 8 ಬಿಗ್ ಬ್ಲೈಂಡ್ ದರದಲ್ಲಿ ಗೆದ್ದವರು ಗಂಟೆಗೆ 24 ಎಂದು ಬರೆದಿಟ್ಟುಕೊಂಡು ಹೆಚ್ಚು ಪಣದ ಮೇಲಿನ ಹಂತಕ್ಕೆ ಜಿಗಿಯುತ್ತಾರೆ. ಕಂಡದ್ದು 8, ನಿಜವಾದದ್ದು 2 ಎಂದು ಹಾಕಿ ನೋಡಿ: ಅಂಥ ಆಟಗಾರನಿಗೂ 8 ಅಥವಾ ಅದಕ್ಕಿಂತ ಹೆಚ್ಚು ಬೀಳುವ ಸಂಭವ ಸುಮಾರು ಶೇ 17. ಲಾಭವೂ ಇಲ್ಲ, ನಷ್ಟವೂ ಇಲ್ಲ ಎಂಬ ಆಟಗಾರನಿಗೂ ಸುಮಾರು ಶೇ 10 ಇದೆ. ಕೆಲಸ ಬಿಡುವ ಯೋಚನೆಯಲ್ಲಿರುವವರು ದಯವಿಟ್ಟು ಇದೊಂದನ್ನು ಮಾಡಿ ನೋಡಿ.

ಬ್ಯಾಂಕ್‌ರೋಲ್ (ಆಟಕ್ಕೆಂದೇ ಮೀಸಲಿಟ್ಟ ಹಣ) ಸಲಹೆಯೂ ಚೆನ್ನಾಗಿದೆ. ದಿವಾಳಿಯಾಗುವ ಅಪಾಯ ಶೇ 5ರ ಒಳಗಿರಲು 3ರ ವಿನ್ ರೇಟ್‌ಗೆ ಸುಮಾರು 4,050 ಬಿಗ್ ಬ್ಲೈಂಡ್ ಬೇಕು, ಅಂದರೆ 40 ಬೈ-ಇನ್ (ಟೇಬಲ್‌ಗೆ ಕೂರುವಾಗ ತರುವ ಹಣ, ಇಲ್ಲಿ 100 ಬಿಗ್ ಬ್ಲೈಂಡ್). ವಿನ್ ರೇಟ್ ಅರ್ಧಕ್ಕೆ ಇಳಿದರೆ 80 ಆಗುತ್ತದೆ. ಗೆದ್ದದ್ದನ್ನು ಪ್ರತಿ ತಿಂಗಳು ಖರ್ಚಿಗೆ ತೆಗೆಯುವವರಿಗೆ ಇದೂ ಸಾಲದು, ಏಕೆಂದರೆ ಸೂತ್ರ ಹಣವನ್ನು ಹೊರತೆಗೆಯುವುದಿಲ್ಲ ಎಂದೇ ಎಣಿಸುತ್ತದೆ.

ದೋಷಗಳೂ ಇವೆ. ವಿನ್ ರೇಟ್ ಎಂದೂ ಬದಲಾಗದು ಎಂದು ಈ ಲೆಕ್ಕ ನಂಬುತ್ತದೆ. ನಿಜದಲ್ಲಿ ಸೋಲಿನ ಸರಣಿಯಲ್ಲಿ ಆಟ ಕೆಡುತ್ತದೆ, ಟೇಬಲ್ ಹೆಚ್ಚಿಸಿದರೆ ಗಮನ ಹರಿದು ದರ ಇಳಿಯುತ್ತದೆ, ಮೇಲಿನ ಹಂತದಲ್ಲಿ ಎದುರಾಳಿಗಳು ಗಟ್ಟಿಯಾಗುತ್ತಾರೆ. ಹಾಗಾಗಿ ಅದು ತೋರಿಸುವ ಅಪಾಯವನ್ನು ಕನಿಷ್ಠ ಎಂದೇ ತಿಳಿಯಿರಿ. ರೇಕ್‌ಬ್ಯಾಕ್‌ಗೂ, ಅಂದರೆ ಆಡಿಸುವ ಸೈಟ್ ಕಡಿದುಕೊಳ್ಳುವ ರೇಕ್ ಎಂಬ ಶುಲ್ಕದಲ್ಲಿ ಮರಳಿ ಬರುವ ಪಾಲಿಗೂ, ಪ್ರತ್ಯೇಕ ಖಾನೆಯಿಲ್ಲ. 100 ಹ್ಯಾಂಡ್‌ಗೆ ಕೊಟ್ಟ ರೇಕ್ 8 ಬಿಗ್ ಬ್ಲೈಂಡ್ ಆಗಿದ್ದು ಶೇ 25 ಮರಳಿ ಬರುವುದಾದರೆ 2 ಸೇರಿಸಿ ವಿನ್ ರೇಟ್ ತುಂಬಬೇಕು. ಚಿಕ್ಕ ಬ್ಲೈಂಡ್‌ಗಳಲ್ಲಿ ಎಷ್ಟೋ ಸಲ ಇಡೀ ಲಾಭ ಬರುವುದು ಇದರಿಂದಲೇ.

ಟೂರ್ನಮೆಂಟ್ ಆಡುವವರು ಈ ಪುಟಕ್ಕೆ ಬರಬೇಡಿ. ಅದೇ ಸೈಟ್‌ನಲ್ಲಿ ಬೇರೆ ಕ್ಯಾಲ್ಕ್ಯುಲೇಟರ್ ಇದೆ, ಅಲ್ಲಿ ಆಟಗಾರರ ಸಂಖ್ಯೆ, ಬೈ-ಇನ್, ರಿಟರ್ನ್ ಆನ್ ಇನ್ವೆಸ್ಟ್‌ಮೆಂಟ್ (ಹಾಕಿದ ಹಣಕ್ಕೆ ಬರುವ ಲಾಭದ ಪ್ರಮಾಣ) ಕೇಳುತ್ತದೆ.