ಮರುಭೂಮಿ ಸುತ್ತಿ ಬಂದ ನಮ್ಮ 5 ಲೀಟರ್ ವಾಟರ್ ಜಗ್

ದಸರಾ ರಜೆಗೆ ಮಕ್ಕಳನ್ನು ಕರ್ಕೊಂಡು ಜೈಸಲ್ಮೇರ್ ಕಡೆ ಹೊರಟಾಗ ನನಗಿದ್ದ ಚಿಂತೆ ಒಂದೇ, ನೀರು. ಮಗಳಿಗೆ 7 ವರ್ಷ, ಮಗನಿಗೆ 4. ಇಬ್ಬರೂ ತೀರ್ಥಹಳ್ಳಿಯ ಮಳೆಯಲ್ಲಿ ಬೆಳೆದವರು, ಅಂಥ ಬಿಸಿಲು ಕಂಡವರಲ್ಲ. ಅದಕ್ಕೇ ಶಿವಮೊಗ್ಗದ ಗಾಂಧಿ ಬಜಾರಿನಲ್ಲಿ 5 ಲೀಟರಿನ ಜಗ್ ತಗೊಂಡೆ. ಒಳಗೆ ಸ್ಟೀಲು, ಹೊರಗೆ ಪ್ಲಾಸ್ಟಿಕ್, ಕೆಳಗೊಂದು ನಲ್ಲಿ. 1,350 ರೂಪಾಯಿ. ಜಾಸ್ತಿ ಆಯ್ತು ಅಂತ ಅತ್ತೆ ಗೊಣಗಿದರು.

ಜೋಧಪುರದವರೆಗೆ ರೈಲು, ಅಲ್ಲಿಂದ ಬಾಡಿಗೆ ಕಾರು. ದಿನಾ ಬೆಳಿಗ್ಗೆ 6ಕ್ಕೆ ಐಸ್, ನೀರು ತುಂಬಿಸಿ, ಮನೆಯಿಂದ ಒಯ್ದ ಲಾವಂಚದ ಬೇರು ಹಾಕ್ತಿದ್ದೆ. ಜೈಸಲ್ಮೇರಿನಿಂದ 17 ಕಿಲೋಮೀಟರ್ ದೂರದ ಅಕಲ್ ಫಾಸಿಲ್ ಪಾರ್ಕಿನಲ್ಲಿ ಜಗ್ಗಿನ ಬೆಲೆ ಗೊತ್ತಾಯ್ತು. ಸುಮಾರು 18 ಕೋಟಿ ವರ್ಷ ಹಿಂದೆ ಅಲ್ಲಿ ಕಾಡಿತ್ತಂತೆ. ಆ ಮರಗಳೇ ಕಲ್ಲಾಗಿ ಬಿದ್ದಿವೆ. "ಅಮ್ಮಾ, ಇಲ್ಲೂ ನಮ್ಮೂರಿನ ಹಾಗೆ ಮಳೆ ಬರ್ತಿತ್ತಾ?" ಅಂತ ಮಗಳು ಕೇಳಿದಳು. ನೆರಳೇ ಇಲ್ಲದ ಬಯಲು. ಕಾರಿಗೆ ವಾಪಸ್ ಬಂದು ನಲ್ಲಿ ಒತ್ತಿದರೆ ಲಾವಂಚದ ಘಮ, ಹಲ್ಲು ಜುಮ್ಮೆನ್ನುವಷ್ಟು ತಣ್ಣನೆ ನೀರು. ಆಗ ಗಂಟೆ ಮಧ್ಯಾಹ್ನ ಮೂರು! ಮಗ ಎರಡು ಲೋಟ ಕುಡಿದು ಹಾಗೇ ನಿದ್ದೆಹೋದ.

ಅಲ್ಲೇ ಇರುವ ಡೆಸರ್ಟ್ ನ್ಯಾಷನಲ್ ಪಾರ್ಕಿಗೂ ಹೋದೆವು, ಅದು 3,162 ಚದರ ಕಿಲೋಮೀಟರ್. ಎರೆಭೂತ ಹಕ್ಕಿ (ಗ್ರೇಟ್ ಇಂಡಿಯನ್ ಬಸ್ಟರ್ಡ್) ಕಾಣಲಿಲ್ಲ, ಚಿಂಕಾರ ಅನ್ನೋ ಹುಲ್ಲೆಗಳು ಕಂಡವು. ಮಕ್ಕಳಿಗೆ ಅಷ್ಟೇ ಸಾಕಾಯ್ತು.

ತೊಂದರೆ ಆಗಿದ್ದು ಸಮ್ ಮರಳುದಿಬ್ಬದಲ್ಲಿ. ಜಗ್ಗನ್ನು ಮರಳ ಮೇಲೆ ಇಟ್ಟಿದ್ದೆವು. ಸಂಜೆ ನೋಡಿದರೆ ನಲ್ಲಿಯ ಗುಂಡಿ ಮೇಲೇಳ್ತಾನೇ ಇಲ್ಲ, ನೀರು ಜಿನುಗ್ತಾ ಇದೆ. ಕಾರಿನ ಮ್ಯಾಟ್ ಪೂರ್ತಿ ಒದ್ದೆ. ಇವರು ನಲ್ಲಿ ಬಿಚ್ಚಿದರು. ರಬ್ಬರ್ ವಾಷರಿನ ಅಂಚಿನಲ್ಲಿ ರವೆಗಿಂತ ಸಣ್ಣ ಮರಳು ಕೂತಿತ್ತು. ತೊಳೆದು ಹಾಕಿದರೂ ಪೂರ್ತಿ ಸರಿಹೋಗಲಿಲ್ಲ. ಆಮೇಲೆ ನಲ್ಲಿಗೆ ಕರ್ಚೀಫು ಸುತ್ತಿ, ಜಗ್ಗನ್ನು ಸೀಟಿಗೆ ಬೆಲ್ಟ್ ಹಾಕಿ ಕೂರಿಸಿದೆವು. ಇಷ್ಟು ದುಡ್ಡು ತಗೊಂಡ ಮೇಲೆ ನಲ್ಲಿಗೊಂದು ಮುಚ್ಚಳ ಕೊಡಬೇಕಿತ್ತು, ಅಲ್ವಾ? ತುಂಬಿದಾಗ ಭಾರವೂ ಜಾಸ್ತಿ, ಹಿಡಿ ಕೈಗೆ ಒತ್ತುತ್ತದೆ.

ಆದರೂ ಸಣ್ಣ ಮಕ್ಕಳ ಜೊತೆ ಕಾರಲ್ಲಿ ದೂರ ಹೋಗುವವರು ಧೈರ್ಯವಾಗಿ ತಗೊಳ್ಳಿ. ನಲ್ಲಿಗೆ ಮುಚ್ಚಳ ಇರುವುದನ್ನೇ ಹುಡುಕಿ, ಎರಡು ವಾಷರ್ ಹೆಚ್ಚಿಗೆ ಇಟ್ಟುಕೊಳ್ಳಿ. ನಾವು ಊರಿಗೆ ಬಂದು ವಾಷರ್ ಬದಲಾಯಿಸಿದೆವು, ಸೋರುವುದು ನಿಂತಿದೆ. ಈಗ ಅಡಿಕೆ ಕೊಯ್ಲಿನವರಿಗೆ ಮಜ್ಜಿಗೆ ಅದರಲ್ಲೇ ಹೋಗ್ತಿದೆ.