ನ್ಯೂಯಾರ್ಕ್–ಲಂಡನ್ ಬಿಸಿನೆಸ್ ಕ್ಲಾಸ್: ಹೋಗುವಾಗ ಒಂದು, ಬರುವಾಗ ಇನ್ನೊಂದು

ನ್ಯೂಯಾರ್ಕಿನಿಂದ ಲಂಡನ್ನಿಗೆ ಬಿಸಿನೆಸ್ ಕ್ಲಾಸಿನಲ್ಲಿ ಯಾವ ಏರ್‌ಲೈನ್ ಒಳ್ಳೆಯದು ಅಂತ ಯಾರಾದರೂ ಕೇಳಿದರೆ ನಾನು ತಿರುಗಿ ಕೇಳುವುದು ಒಂದೇ: ಹೋಗೋಕಾ, ಬರೋಕಾ? ಹೋಗುವುದು ಹೆಚ್ಚಾಗಿ ರಾತ್ರಿ. ಆಗ ಬೇಕಾದದ್ದು ನಿದ್ದೆ. ಬರುವುದು ಹಗಲು, ಅಲ್ಲಿ ನಿದ್ದೆಯ ಮಾತೇ ಇಲ್ಲ. ಎರಡಕ್ಕೂ ಒಂದೇ ಸೀಟು ಹೊಂದುತ್ತದೆ ಅಂದುಕೊಂಡು ಹೋಗಿ ಬರುವ ಟಿಕೆಟ್ಟನ್ನು ಒಟ್ಟಿಗೆ ತೆಗೆದುಕೊಳ್ಳುವವರೇ ಜಾಸ್ತಿ.

ನಾನಿರುವುದು ನ್ಯೂಜೆರ್ಸಿಯಲ್ಲಿ. ಆಫೀಸಿನ ಕೆಲಸಕ್ಕೆ ಲಂಡನ್ನಿಗೆ ಓಡಾಟ ಇದ್ದೇ ಇರುತ್ತದೆ, ಕೆಲವು ಸಲ ಅಲ್ಲಿಂದ ಹಾಗೇ ಬೆಂಗಳೂರಿಗೆ. ಆಫೀಸಿನ ಟಿಕೆಟ್ಟಿಗೆ ಕಂಪನಿ ದುಡ್ಡು ಕೊಡುತ್ತದೆ, ಊರಿನ ಟಿಕೆಟ್ಟಿಗೆ ಕ್ರೆಡಿಟ್ ಕಾರ್ಡಿನ ಪಾಯಿಂಟು. ಹೀಗೆ ಬ್ರಿಟಿಷ್ ಏರ್‌ವೇಸ್‌ನ ಕ್ಲಬ್ ಸೂಟ್, ಯುನೈಟೆಡ್‌ನ ಪೋಲಾರಿಸ್, ಜೆಟ್‌ಬ್ಲೂನ ಮಿಂಟ್ ಈ ಮೂರು ಬಿಸಿನೆಸ್ ಕ್ಲಾಸ್‌ಗಳಲ್ಲೂ ಎರಡೂ ದಿಕ್ಕಿಗೆ ಕೂತು, ಮಲಗಿ, ತಿಂದು ನೋಡಿದ್ದೇನೆ.

ಮೊದಲು ರಾತ್ರಿಯ ಲೆಕ್ಕ ನೋಡಿ. ಹಾರಾಟ ಹೆಚ್ಚೆಂದರೆ ಏಳು ಗಂಟೆ, ಅನೇಕ ಸಲ ಆರೂವರೆಗಿಂತ ಕಡಿಮೆ. ಮೇಲೇರಿ ಸೀಟ್ ಬೆಲ್ಟ್ ದೀಪ ಆರುವುದಕ್ಕೆ ಅರ್ಧ ಗಂಟೆ. ಡ್ರಿಂಕು, ಬಿಸಿ ಗೋಡಂಬಿ, ಸ್ಟಾರ್ಟರ್, ಊಟ, ಐಸ್‌ಕ್ರೀಮು ಅಂತ ಒಂದೂವರೆ ಗಂಟೆ. ಇಳಿಯುವುದಕ್ಕೆ ಇನ್ನೂ ಒಂದೂಕಾಲು ಗಂಟೆ ಇರುವಾಗಲೇ ದೀಪ ಹಾಕಿ ತಿಂಡಿ ಹಿಡಿದು ಬರುತ್ತಾರೆ. ಉಳಿಯುವುದು ಮೂರು ಗಂಟೆ ಚಿಲ್ಲರೆ. ಇದು ಸಾಲದು ಅಂತ ಚಳಿಗಾಲದಲ್ಲಿ ಪಶ್ಚಿಮದಿಂದ ಪೂರ್ವಕ್ಕೆ ಬೀಸುವ ಜೆಟ್ ಸ್ಟ್ರೀಮ್ ಗಾಳಿ ಜೋರಾಗಿ ವಿಮಾನವನ್ನು ಹಿಂದಿನಿಂದ ತಳ್ಳುತ್ತದೆ. 2020ರ ಫೆಬ್ರವರಿಯಲ್ಲಿ ಬ್ರಿಟಿಷ್ ಏರ್‌ವೇಸ್‌ನ ಒಂದು 747 ವಿಮಾನ ನ್ಯೂಯಾರ್ಕಿನ ಜೆಎಫ್‌ಕೆ ಏರ್‌ಪೋರ್ಟಿನಿಂದ ಲಂಡನ್ನಿನ ಹೀಥ್ರೂಗೆ 4 ಗಂಟೆ 56 ನಿಮಿಷಕ್ಕೆ ಹೋಗಿತ್ತು. ಎಲ್ಲರೂ ದಾಖಲೆ ಅಂತ ಚಪ್ಪಾಳೆ ಹೊಡೆದರು. ಸಾವಿರಾರು ಡಾಲರ್ ಕೊಟ್ಟು ಹಾಸಿಗೆ ತೆಗೆದುಕೊಂಡವರ ನಿದ್ದೆ ಎಷ್ಟು ಕಟ್ಟಾಯಿತು ಅಂತ ಯಾರೂ ಕೇಳಲಿಲ್ಲ! ಹೀಥ್ರೂನಲ್ಲಿ ಬೆಳಗಿನ ಆರಕ್ಕೆ ಮುಂಚೆ ಇಳಿಯುವ ವಿಮಾನಗಳಿಗೆ ಮಿತಿ ಇರುವುದರಿಂದ ತೀರಾ ಬೇಗ ತಲುಪಿದರೆ ಆಕಾಶದಲ್ಲೇ ಸುತ್ತು ಹೊಡೆಯಬೇಕಾಗುತ್ತದೆ, ಅದೂ ಸೀಟು ನೆಟ್ಟಗೆ ಮಾಡಿ ಬೆಲ್ಟು ಹಾಕಿಕೊಂಡು.

ಹಾಗಾಗಿ ರಾತ್ರಿಯ ವಿಮಾನದಲ್ಲಿ ಊಟ ಚೆನ್ನಾಗಿದೆಯಾ ಅನ್ನುವುದಕ್ಕಿಂತ, ಊಟವನ್ನು ನೆಲದ ಮೇಲೇ ಮುಗಿಸಿ ಹತ್ತಬಹುದಾ ಅನ್ನುವುದೇ ಮುಖ್ಯ. ಇದರಲ್ಲಿ ಪೋಲಾರಿಸ್ ಗೆಲ್ಲುತ್ತದೆ. ನ್ಯೂಜೆರ್ಸಿಯ ನ್ಯೂವರ್ಕ್ ಏರ್‌ಪೋರ್ಟಿನ ಸಿ ಟರ್ಮಿನಲ್ಲಿನಲ್ಲಿ ಅವರ ಪೋಲಾರಿಸ್ ಲೌಂಜ್ ಇದೆ. ಅದರೊಳಗೆ ಒಂದು ಡೈನಿಂಗ್ ರೂಮು. ಬಫೆ ತಟ್ಟೆ ಹಿಡಿದು ಸಾಲಿನಲ್ಲಿ ನಿಲ್ಲಬೇಕಿಲ್ಲ. ಕೂತರೆ ಮೆನು ಕೊಟ್ಟು, ಆರ್ಡರ್ ತೆಗೆದುಕೊಂಡು, ಬಿಸಿಯಾಗಿ ತಂದಿಡುತ್ತಾರೆ. ತಿಂದು, ಸ್ನಾನ ಮಾಡಿ, ನೈಟ್ ಪ್ಯಾಂಟು ಹಾಕಿಕೊಂಡು ಹತ್ತಿದರೆ ಆಯಿತು. ಊಟ ಬೇಡ, ತಿಂಡಿಗೂ ಎಬ್ಬಿಸಬೇಡಿ ಅಂತ ಮೊದಲೇ ಹೇಳಿಬಿಡಿ. ಮೂರು ಗಂಟೆಯ ನಿದ್ದೆ ಐದರ ಹತ್ತಿರಕ್ಕೆ ಬರುತ್ತದೆ.

ಸೀಟು ನೋಡಿದರೆ ಮಾತ್ರ ಮೂರರಲ್ಲಿ ಪೋಲಾರಿಸ್‌ಗೇ ಕೊನೆಯ ಜಾಗ. ಬಾಗಿಲಿಲ್ಲ. ಬಾಗಿಲಿರುವ ಹೊಸ ಸೀಟನ್ನು ಹೊಸ 787-9ಗಳಿಗೆ ಹಾಕುತ್ತೇವೆ ಅಂತ 2025ರಲ್ಲಿ ಹೇಳಿದ್ದಾರೆ, ನಾನು ಕೂತದ್ದು ಅದಕ್ಕೆ ಮುಂಚಿನದರಲ್ಲಿ. ಈ ಸೀಟುಗಳಲ್ಲಿ ಒಂದು ಸಾಲು ಕಿಟಕಿಗೆ ಅಂಟಿಕೊಂಡಿದ್ದರೆ ಮುಂದಿನ ಸಾಲು ನಡೆಯುವ ದಾರಿಗೆ ಅಂಟಿಕೊಂಡಿರುತ್ತದೆ. ದಾರಿಯ ಕಡೆಯದು ಸಿಕ್ಕರೆ ಹೋಗಿ ಬರುವವರೆಲ್ಲ ತಲೆ ಪಕ್ಕದಲ್ಲೇ ಓಡಾಡುತ್ತಾರೆ, ಕಿಟಕಿಯ ಕಡೆಯದಾದರೆ ಮಧ್ಯೆ ಒಂದು ಪುಟ್ಟ ಟೇಬಲ್ ಅಡ್ಡ ಇರುತ್ತದೆ. ಸೀಟ್ ಮ್ಯಾಪಿನಲ್ಲಿ ಇದನ್ನು ನೋಡಿಯೇ ಆರಿಸಿ. ಕಾಲು ತೂರಿಸುವ ಗೂಡೂ ಚಿಕ್ಕದು. ಬೆನ್ನ ಮೇಲೆ ಮಲಗಿದರೆ ಸರಿ, ನನ್ನ ಹಾಗೆ ಮಗ್ಗುಲಾಗಿ ಮಂಡಿ ಮಡಚಿ ಮಲಗುವವರಿಗೆ ಹೊರಳುವಾಗ ಪಾದ ಅದರ ಗೋಡೆಗೆ ತಾಗುತ್ತದೆ. ಮೊದಲ ಸಾಲಿನಲ್ಲಿ ಈ ಗೂಡು ದೊಡ್ಡದು, ಸಿಕ್ಕರೆ ಬಿಡಬೇಡಿ. ಹೊದಿಕೆಗೆ ಮಾತ್ರ ಹೆಸರಿಡುವ ಹಾಗಿಲ್ಲ. ಸ್ಯಾಕ್ಸ್ ಫಿಫ್ತ್ ಅವೆನ್ಯೂ ಬ್ರ್ಯಾಂಡಿನ ದಪ್ಪ ರಜಾಯಿ, ಅದರ ಜೊತೆ ತೆಳುವಾದ ಇನ್ನೊಂದು, ತಣ್ಣಗಿರುವ ಜೆಲ್ ದಿಂಬು. ಕೇಳಿದರೆ ಸೀಟಿನ ಮೇಲೆ ಹಾಸಲು ಮ್ಯಾಟ್ರೆಸ್ ಪ್ಯಾಡೂ ಕೊಡುತ್ತಾರೆ, ಆದರೆ ಕೇಳಬೇಕು.

ಕ್ಲಬ್ ಸೂಟ್ 2019ರಲ್ಲಿ ಎ350 ವಿಮಾನದ ಜೊತೆ ಬಂದದ್ದು. ಎಳೆದು ಮುಚ್ಚುವ ಬಾಗಿಲು, 1-2-1 ಸಾಲು (ಎರಡೂ ಕಿಟಕಿಯ ಕಡೆ ಒಂದೊಂದು, ಮಧ್ಯೆ ಎರಡು), 79 ಇಂಚಿನ ಹಾಸಿಗೆ. ಇಪ್ಪತ್ತು ಇಂಚಿಗೆ ಹತ್ತಿರದ ಸ್ಕ್ರೀನು, ಕನ್ನಡಿ, ವಸ್ತು ಇಡಲು ಗೂಡುಗಳು, ಎಲ್ಲ ಇವೆ. ಇದಕ್ಕೂ ಮುಂಚಿನ ಸೀಟಿನಲ್ಲಿ ಕೂತವರಿಗೆ ಇದರ ಬೆಲೆ ಗೊತ್ತು. ಆ ಹಳೆಯದರಲ್ಲಿ ಪಕ್ಕದವರು ನಮಗೆ ಎದುರುಮುಖ, ಮಧ್ಯೆ ಒಂದು ಪರದೆ. ಕಿಟಕಿಯ ಕಡೆಯವರಿಗೆ ಊಟ ಕೊಡಲು ಆ ಪರದೆಯನ್ನು ಕೆಳಗಿಳಿಸಿದಾಗ ಇಬ್ಬರು ಅಪರಿಚಿತರು ಒಂದು ಮೊಳ ದೂರದಲ್ಲಿ ಮುಖಾಮುಖಿ. ರಾತ್ರಿ ಟಾಯ್ಲೆಟ್ಟಿಗೆ ಹೋಗಬೇಕೆಂದರೆ ಮಲಗಿದವರ ಕಾಲು ದಾಟಬೇಕು. ಎ380 ಮತ್ತು ಕೆಲವು 787ಗಳಲ್ಲಿ ಅದು ಇನ್ನೂ ಉಳಿದಿದೆ, ಸೀಟ್ ಮ್ಯಾಪಿನಲ್ಲಿ 2-4-2 ಅಥವಾ 2-3-2 ಕಂಡರೆ ಅದೇ ಅಂತ ತಿಳಿಯಿರಿ. ಜೆಎಫ್‌ಕೆಯ ಟರ್ಮಿನಲ್ 8ರಲ್ಲಿ ಇವರಿಗೂ ಲೌಂಜ್ ಇದೆ, ಹತ್ತುವ ಮುಂಚೆ ಊಟ ಮುಗಿಸಬಹುದು. ಹಾಸಿಗೆ ಪೋಲಾರಿಸ್‌ಗಿಂತ ಒಂದು ಕೈ ಮೇಲು. ಆದರೆ ಸಂಜೆ ಹೊತ್ತು ನ್ಯೂಜೆರ್ಸಿಯಿಂದ ಜೆಎಫ್‌ಕೆಗೆ ಹೋಗುವ ಟ್ರಾಫಿಕ್ ಇದೆಯಲ್ಲ, ಅದರಲ್ಲಿ ಗಳಿಸಿದ್ದೆಲ್ಲ ಕಳೆದುಹೋಗುತ್ತದೆ. ಜೆಎಫ್‌ಕೆ ಇರುವ ಕ್ವೀನ್ಸ್ ಕಡೆ ಮನೆ ಇರುವವರಿಗೆ ನನ್ನ ತೀರ್ಪು ತಿರುಗುಮುರುಗು ಆಗಲಿ ಬಿಡಿ.

ಮಿಂಟ್ ಬೇರೆಯೇ ಜಾತಿ. ನಡೆಯುವ ದಾರಿ ಒಂದೇ ಇರುವ ಪುಟ್ಟ ಎ321ಎಲ್‌ಆರ್ ವಿಮಾನ, 24 ಸೀಟು, ಆ ಕಡೆ ಒಂದು ಈ ಕಡೆ ಒಂದು. ಎಲ್ಲರಿಗೂ ಬಾಗಿಲು, ಎಲ್ಲರಿಗೂ ಕಿಟಕಿ, ಪಕ್ಕದವರು ಅನ್ನುವವರೇ ಇಲ್ಲ. 2021ರ ಆಗಸ್ಟಿನಲ್ಲಿ ಲಂಡನ್ನಿಗೆ ಶುರು ಮಾಡಿದರು. ಟಫ್ಟ್ ಆ್ಯಂಡ್ ನೀಡಲ್ ಅನ್ನುವ ಹಾಸಿಗೆ ಕಂಪನಿಯ ಫೋಮು ಹಾಕಿದ ಸೀಟು, ಬರೀ ಮೈಗೆ ಹಿತ ಅಂತ ನೋಡಿದರೆ ನನಗೆ ಮೂರರಲ್ಲಿ ಇದೇ ಇಷ್ಟ. ವೈಫೈ ಪುಕ್ಕಟೆ. ಬೆಲೆಯೂ ಅನೇಕ ಸಲ ಉಳಿದೆರಡಕ್ಕಿಂತ ಕಡಿಮೆ. ಕೊರತೆ ಅಂದರೆ ನಾನು ಹೋಗುತ್ತಿದ್ದಾಗ ಇವರಿಗೆ ಸ್ವಂತ ಲೌಂಜೇ ಇರಲಿಲ್ಲ. ಜೆಎಫ್‌ಕೆಯಲ್ಲಿ ಈಗ ಬ್ಲೂಹೌಸ್ ಅಂತ ಒಂದು ತೆರೆದಿದ್ದಾರೆ, ನಾನಿನ್ನೂ ಅದರೊಳಗೆ ಕಾಲಿಟ್ಟಿಲ್ಲ. ಲೌಂಜ್ ಇಲ್ಲದಿದ್ದರೆ ಊಟ ಮೇಲೆಯೇ ಆಗಬೇಕು, ಮೇಲೆ ಊಟ ಅಂದರೆ ನಿದ್ದೆಗೆ ಕತ್ತರಿ.

ರಾತ್ರಿಗೆ ನನ್ನ ಆಯ್ಕೆ, ಸೀಟು ಸುಮಾರಾಗಿದ್ದರೂ, ಪೋಲಾರಿಸ್.

ಇನ್ನು ವಾಪಸ್ಸು. ಲಂಡನ್ನಿನಿಂದ ಬೆಳಿಗ್ಗೆ ಹನ್ನೊಂದರ ಸುಮಾರಿಗೆ ಹೊರಟರೆ ಎಂಟು ಗಂಟೆ ಹಾರಿ ನ್ಯೂಯಾರ್ಕಿನ ಮಧ್ಯಾಹ್ನ ಎರಡರ ಸುಮಾರಿಗೆ ಇಳಿಯುತ್ತೇವೆ. ಸೂರ್ಯ ಹೆಚ್ಚು ಕಡಿಮೆ ನಿಂತಲ್ಲೇ ನಿಂತಿರುತ್ತಾನೆ. ಇಲ್ಲಿ ಕ್ಲಬ್ ಸೂಟಿನ ಹತ್ತಿರ ಬೇರೆ ಯಾವುದೂ ಬರುವುದಿಲ್ಲ, ಕಾರಣ ಕಿಟಕಿ. ಈ ಸೀಟು ಓರೆಯಾಗಿ ಕಿಟಕಿಯ ಕಡೆ ಮುಖ ಮಾಡಿದೆ, ಸುಮ್ನೆ ಕೂತರೆ ಸಾಕು, ಹೊರಗಿನದ್ದು ಕಣ್ಣಿಗೆ ಬೀಳುತ್ತದೆ. ಐರ್ಲೆಂಡಿನ ಹಸಿರು ಗದ್ದೆಗಳು ಸಮುದ್ರದ ಅಂಚಿನಲ್ಲಿ ಪಟ್ಟನೆ ಮುಗಿದುಹೋಗುವುದು, ಆಮೇಲೆ ಗಂಟೆಗಟ್ಟಲೆ ಮೋಡ, ಫೆಬ್ರವರಿಯಾದರೆ ಕೆನಡಾದ ಕರಾವಳಿ ಬಂದಾಗ ಒಡೆದ ಹಪ್ಪಳದ ಹಾಗೆ ತೇಲುವ ಮಂಜುಗಡ್ಡೆ. ಮಿಂಟ್‌ನಲ್ಲಿ ಸೀಟು ದಾರಿಯ ಕಡೆ ತಿರುಗಿದೆ, ಕಿಟಕಿ ಹೆಗಲ ಹಿಂದೆ. ಎಲ್ಲರಿಗೂ ಕಿಟಕಿ ಕೊಟ್ಟು ನೋಡದ ಹಾಗೆ ಮಾಡಿದ್ದಾರೆ! ಕತ್ತು ತಿರುಗಿಸಿ ತಿರುಗಿಸಿ ನೋವು ಬಂದದ್ದೇ ಬಂತು.

ಹಗಲಿನಲ್ಲಿ ಮಿಂಟ್‌ಗೆ ಅಂಕ ಕೊಡಬೇಕಾದದ್ದು ಊಟಕ್ಕೆ. ಐದು ಸಣ್ಣ ಸಣ್ಣ ಐಟಂಗಳಲ್ಲಿ ಮೂರನ್ನು ನಾವೇ ಆರಿಸಿಕೊಳ್ಳುವುದು. ದೊಡ್ಡ ತಟ್ಟೆಯ ಮಧ್ಯೆ ಒಂದು ಪಾಸ್ತಾ ಇಟ್ಟು ವೆಜ್ ಅಂತ ಕೈತೊಳೆದುಕೊಳ್ಳುವುದಕ್ಕಿಂತ ಇದು ವಾಸಿ.

ವೆಜ್ ಅಂದೆನಲ್ಲ, ನಮ್ಮವರಲ್ಲಿ ಬಹಳ ಮಂದಿಗೆ ಗೊತ್ತಿಲ್ಲದ ಒಂದು ವಿಷಯ ಇದೆ. ಬುಕ್ ಮಾಡುವಾಗ ಹಿಂದೂ ಮೀಲ್ ಅಂತ ಕಾಣುತ್ತದೆ. ಅದು ಸಸ್ಯಾಹಾರ ಅಲ್ಲ. ದನದ ಮಾಂಸ ಇರುವುದಿಲ್ಲ ಅಷ್ಟೇ, ಕೋಳಿ, ಕುರಿ, ಮೀನು ಬರಬಹುದು. ನಮಗೆ ಬೇಕಾದದ್ದು ಏಷ್ಯನ್ ವೆಜಿಟೇರಿಯನ್, ಕೋಡ್ ಎವಿಎಂಎಲ್. ಈರುಳ್ಳಿ ಬೆಳ್ಳುಳ್ಳಿ ಬೇಡ ಅನ್ನುವವರು ಜೈನ್ ಮೀಲ್ ಕೇಳಿ. ಹೊರಡುವ 24 ಗಂಟೆ ಮುಂಚೆಯಾದರೂ ಹೇಳಿರಬೇಕು. ಹೇಳಿದ್ದರೂ ಒಂದು ಸಲ ಒಂದು ಏರ್‌ಲೈನಿನವರು (ಹೆಸರು ಬೇಡ) ನನ್ನ ಊಟ ಹತ್ತಿಸುವುದನ್ನೇ ಮರೆತಿದ್ದರು. ಸಲಾಡು, ಬ್ರೆಡ್ಡು, ಪಕ್ಕದ ಸಾಲಿನವರು ಬೇಡ ಅಂದ ಚೀಸು, ಅದೇ ಊಟ. ಅಂದಿನಿಂದ ಬ್ಯಾಗಿನಲ್ಲಿ ಒಂದು ಪೊಟ್ಟಣ ಕೋಡುಬಳೆ ಖಾಯಂ.

ದುಡ್ಡಿನ ವಿಷಯಕ್ಕೆ ಬಂದರೆ, ಲಂಡನ್ನಿನಿಂದ ಹೊರಡುವ ಹಾರಾಟಕ್ಕೆ ಬ್ರಿಟನ್ ಸರ್ಕಾರದ ಪ್ಯಾಸೆಂಜರ್ ಡ್ಯೂಟಿ ಅನ್ನುವ ತೆರಿಗೆ ಬೀಳುತ್ತದೆ. ಅಮೆರಿಕಕ್ಕೆ ಬಿಸಿನೆಸ್ ಕ್ಲಾಸ್ ಅಂದರೆ 200 ಪೌಂಡ್ ದಾಟಿದೆ. ಪಾಯಿಂಟ್ ಹಾಕಿ ಬ್ರಿಟಿಷ್ ಏರ್‌ವೇಸ್‌ನಲ್ಲಿ ಬುಕ್ ಮಾಡಿದರೂ ಸರ್‌ಚಾರ್ಜ್ ಅಂತ ನೂರಾರು ಡಾಲರ್ ಕೈಯಿಂದ ಕೊಡಬೇಕು, ಪುಕ್ಕಟೆ ಅಂದುಕೊಳ್ಳಬೇಡಿ. ಐರ್ಲೆಂಡಿನ ಡಬ್ಲಿನ್‌ನಿಂದ ಹೊರಟರೆ ಆ ಡ್ಯೂಟಿ ಇಲ್ಲ. ಜೊತೆಗೆ ಅಮೆರಿಕದ ಇಮಿಗ್ರೇಶನ್ ಅಲ್ಲೇ ಮುಗಿಯುತ್ತದೆ, ಇಳಿದ ಮೇಲೆ ಲೋಕಲ್ ಪ್ರಯಾಣಿಕರ ಹಾಗೆ ಸೀದಾ ಆಚೆ ಬರಬಹುದು. ಅಲ್ಲಿನ ಏರ್‌ಲೈನ್ ಏರ್ ಲಿಂಗಸ್‌ನಲ್ಲಿ ಹೋಗುವವರು ಇದಕ್ಕಾಗಿಯೇ ಹೋಗುತ್ತಾರೆ.

ಇನ್ನೊಂದು ದಾರಿಯೂ ಇದೆ. ನ್ಯೂಯಾರ್ಕಿನಿಂದ ಬೆಳಿಗ್ಗೆ ಎಂಟರ ಸುಮಾರಿಗೆ ಹೊರಟು ರಾತ್ರಿ ಎಂಟರ ಹೊತ್ತಿಗೆ ಲಂಡನ್ ಮುಟ್ಟುವ ಹಗಲು ವಿಮಾನಗಳಿವೆ. ಇಳಿದು ಹೋಟೆಲಿನಲ್ಲಿ ಮಲಗಿದರೆ ಆಯಿತು. ಒಂದು ದಿನ ಹೋಗುತ್ತದೆ ನಿಜ, ಆದರೆ ಸ್ವಂತ ದುಡ್ಡಾಗಿದ್ದರೆ ನಾನು ಇದನ್ನೇ ಹಿಡಿದು ಪ್ರೀಮಿಯಂ ಎಕಾನಮಿಯಲ್ಲಿ ಕೂರುತ್ತೇನೆ.

ಅಮ್ಮ ಜೊತೆಗಿದ್ದರೆ ಈ ಲೆಕ್ಕ ಯಾವುದೂ ನಡೆಯುವುದಿಲ್ಲ. ಮಿಂಟ್‌ನಲ್ಲಿ ಇಬ್ಬರು ಅಕ್ಕಪಕ್ಕ ಕೂರುವ ಹಾಗೇ ಇಲ್ಲ. ಆಗ ಬ್ರಿಟಿಷ್ ಏರ್‌ವೇಸ್‌ನಲ್ಲೇ ಬೆಂಗಳೂರಿನವರೆಗೆ ಒಂದೇ ಟಿಕೆಟ್. ಬ್ಯಾಗು ಸೀದಾ ಹೋಗುತ್ತದೆ, ಲಂಡನ್ನಿನಲ್ಲಿ 24 ಗಂಟೆಯೊಳಗೆ ಮುಂದಿನ ವಿಮಾನ ಹಿಡಿದರೆ ಆ ಡ್ಯೂಟಿಯೂ ಬೀಳುವುದಿಲ್ಲ. ಮಧ್ಯದ ಎರಡು ಸೀಟು ತೆಗೆದುಕೊಂಡು ನಡುವಿನ ಅಡ್ಡವನ್ನು ಇಳಿಸಿಬಿಟ್ಟರೆ, ಅಮ್ಮನ ಸ್ಕ್ರೀನ್ ಹಾಕುವುದಕ್ಕೆ, ಸೀಟು ಬಗ್ಗಿಸುವುದಕ್ಕೆ ಪ್ರತಿ ಸಲ ಎದ್ದು ಹೋಗಬೇಕಿಲ್ಲ.